ತಾಳೆ ನೋಡುವವರಿಗೆ ಕೂಲಿ ಎಲ್ಲಿದೆ?

2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯಲ್ಲಿ ಒಂದು ಅಭ್ಯಾಸ ಕೊಟ್ಟರು. ಪ್ರಕಟವಾಗಿರುವ ಒಂದು ಪ್ರಬಂಧವನ್ನು ಆರಿಸಿಕೊಳ್ಳಬೇಕು, ಅದರ ಲೆಕ್ಕವನ್ನು ಮೊದಲಿನಿಂದ ಮಾಡಬೇಕು, ಉತ್ತರ ತಾಳೆಯಾಗುತ್ತದೆಯೇ ನೋಡಬೇಕು. ಅವರು ಆರಿಸಿಕೊಂಡದ್ದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದಿದ್ದ ಪ್ರಬಂಧವನ್ನು. ಒಂದು ದೇಶದ ಸಾಲ ಅದರ ಜಿಡಿಪಿಯ ಶೇ 90ನ್ನು ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅದು ಹೇಳಿತ್ತು. ಸರ್ಕಾರದ ಖರ್ಚು ಕಡಿತವಾಗಬೇಕು ಎನ್ನುವ ರಾಜಕಾರಣಿಗಳು ಅಮೆರಿಕದಲ್ಲೂ ಯುರೋಪಿನಲ್ಲೂ ಅದನ್ನೇ ಎತ್ತಿ ತೋರಿಸುತ್ತಿದ್ದ ಕಾಲವದು. ಹರ್ನ್‌ಡನ್ ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಬೇರೆಯೇ ಬಂತು. ತಪ್ಪು ತನ್ನದೇ ಇರಬೇಕು ಎಂದುಕೊಂಡರು. ಅಧ್ಯಾಪಕರೂ ಮೊದಲು ಹಾಗೆಯೇ ತಿಳಿದರು. ಕೊನೆಗೆ ಮೂಲ ಲೇಖಕರನ್ನೇ ಕೇಳಿದಾಗ ಅವರು ತಮ್ಮ ಸ್ಪ್ರೆಡ್‌ಶೀಟನ್ನು ಕಳುಹಿಸಿಕೊಟ್ಟರು. ಸರಾಸರಿ ತೆಗೆಯುವ ಸೂತ್ರ 20 ದೇಶಗಳ ಪೈಕಿ 15ನ್ನಷ್ಟೇ ಎಣಿಸಿತ್ತು. ಇಂಗ್ಲಿಷ್ ವರ್ಣಮಾಲೆಯಲ್ಲಿ ಮೊದಲು ಬರುವ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಬಿಟ್ಟುಹೋಗಿದ್ದವು.

ಸುದ್ದಿಯಲ್ಲಿ ಹೆಚ್ಚು ಓಡಿದ್ದು ಬಿಟ್ಟುಹೋದ ಈ ಸಾಲುಗಳ ಕಥೆ. ಆದರೆ ಉತ್ತರವನ್ನು ಹೆಚ್ಚು ಅಲುಗಿಸಿದ್ದು ಅದಲ್ಲ. ಹೆಚ್ಚಿನ ಸಾಲದ ಗುಂಪಿನಲ್ಲಿ ಬ್ರಿಟನ್ನಿನ 19 ವರ್ಷಗಳಿದ್ದವು, ನ್ಯೂಜಿಲೆಂಡಿನ ಒಂದೇ ಒಂದು ವರ್ಷವಿತ್ತು. ಆ ಒಂದು ವರ್ಷ ನ್ಯೂಜಿಲೆಂಡಿನ ಆರ್ಥಿಕತೆ ಶೇ 7.6ರಷ್ಟು ಕುಗ್ಗಿತ್ತು. ದೇಶಕ್ಕೊಂದು ಸರಾಸರಿ ತೆಗೆದು, ಆಮೇಲೆ ಆ ಸರಾಸರಿಗಳ ಸರಾಸರಿ ತೆಗೆದದ್ದರಿಂದ ಒಂದು ವರ್ಷಕ್ಕೂ 19 ವರ್ಷಕ್ಕೂ ಒಂದೇ ತೂಕ ಸಿಕ್ಕಿತ್ತು. ನ್ಯೂಜಿಲೆಂಡಿನದೇ ಇನ್ನೂ ಕೆಲವು ವರ್ಷಗಳು ಲೆಕ್ಕದಿಂದ ಹೊರಗುಳಿದಿದ್ದವು. ಇವನ್ನೆಲ್ಲ ಸೇರಿಸಿ ಹರ್ನ್‌ಡನ್ ತಮ್ಮ ಅಧ್ಯಾಪಕರಾದ ಮೈಕೆಲ್ ಆಶ್ ಮತ್ತು ರಾಬರ್ಟ್ ಪೋಲಿನ್ ಅವರೊಂದಿಗೆ 2013ರಲ್ಲಿ ಮರುಲೆಕ್ಕ ಹಾಕಿದಾಗ ಶೇ –0.1 ಎಂದಿದ್ದ ಸರಾಸರಿ ಬೆಳವಣಿಗೆ ಶೇ 2.2 ಆಯಿತು. ಸ್ಪ್ರೆಡ್‌ಶೀಟಿನ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು. ಸಾಲ ಹೆಚ್ಚಿದ್ದಲ್ಲಿ ಬೆಳವಣಿಗೆ ನಿಧಾನ ಎಂಬ ಮುಖ್ಯ ವಾದವನ್ನು ಮಾತ್ರ ಬಿಡಲಿಲ್ಲ. ಆ ಚರ್ಚೆ ಇವತ್ತಿಗೂ ನಡೆದಿದೆ, ನಡೆಯಲೇಬೇಕು.

ನನ್ನನ್ನು ಕಾಡುವುದು ತಪ್ಪಲ್ಲ. ಲೆಕ್ಕ ಮಾಡುವವರೆಲ್ಲ ತಪ್ಪು ಮಾಡುತ್ತಾರೆ. ಲಕ್ಷಾಂತರ ಜನರ ಬದುಕಿಗೆ ತಾಗುವ ನೀತಿಗಳ ಬೆನ್ನಿಗೆ ನಿಂತಿದ್ದ ಒಂದು ಸಂಖ್ಯೆಯ ತಪ್ಪು ಮೂರು ವರ್ಷಗಳ ನಂತರ ಸಿಕ್ಕಿಬಿದ್ದದ್ದು, ಅದೂ ಒಬ್ಬ ವಿದ್ಯಾರ್ಥಿಗೆ ಮನೆಪಾಠ ಕೊಟ್ಟಿದ್ದರಿಂದ ಎಂಬುದು ನನ್ನನ್ನು ಕಾಡುತ್ತದೆ. ಆ ಕೆಲಸ ಮಾಡಲು ಬೇರೆ ಯಾರಿಗೂ ಕಾರಣವಿರಲಿಲ್ಲ. ಸಂಬಳ ಬರುವುದಿಲ್ಲ, ಬಡ್ತಿ ಸಿಗುವುದಿಲ್ಲ, ಒಳ್ಳೆಯ ನಿಯತಕಾಲಿಕಗಳು ಅಂಥದ್ದನ್ನು ಸಾಮಾನ್ಯವಾಗಿ ಮುದ್ರಿಸುವುದೂ ಇಲ್ಲ. ಸಂಶೋಧನೆಯ ವಿಶ್ವಾಸಾರ್ಹತೆಯ ಬಗ್ಗೆ ಇಂದು ಎದ್ದಿರುವ ಆತಂಕವನ್ನು ಬಹುಮಟ್ಟಿಗೆ ವಂಚನೆಯ ಸಮಸ್ಯೆಯೆಂದು ವಿವರಿಸುತ್ತಾರೆ. ನನಗೆ ಅದು ಮೊದಲಿಗೆ ಕೂಲಿಯ ಸಮಸ್ಯೆಯಾಗಿ ಕಾಣುತ್ತದೆ: ಹೊಸದನ್ನು ಹೇಳುವವರಿಗೆ ಕೂಲಿ ಇದೆ, ಹೇಳಿದ್ದನ್ನು ತಾಳೆ ನೋಡುವವರಿಗೆ ಇಲ್ಲ.

ಒಂದೊಂದು ಶಾಸ್ತ್ರವೂ ತನ್ನನ್ನು ತಾನು ಅನುಮಾನಿಸುವ ಬಗೆಯನ್ನು ತನ್ನದೇ ನೋವಿನಿಂದ ಕಲಿತಿದೆ. ಅದರಲ್ಲಿ ಎಲ್ಲರಿಗೂ ಗುರುವಾದದ್ದು ಹೊಲ ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ತರುಣ ಗಣಿತಜ್ಞರು ಬಂದಾಗ ಅಲ್ಲಿ ದಶಕಗಳ ಗೊಬ್ಬರದ ಪ್ರಯೋಗದ ಲೆಕ್ಕಗಳು ರಾಶಿ ಬಿದ್ದಿದ್ದವು. ತೊಂದರೆ ಇಷ್ಟೇ: ಒಂದು ತಾಕಿಗೆ ಗೊಬ್ಬರ ಹಾಕಿದರು, ಪಕ್ಕದ್ದಕ್ಕೆ ಹಾಕಲಿಲ್ಲ, ಮೊದಲನೆಯದು ಚೆನ್ನಾಗಿ ಬೆಳೆಯಿತು. ಅದು ಗೊಬ್ಬರದ ಗುಣವೋ, ಆ ತಾಕಿನ ಮಣ್ಣೇ ಮೊದಲಿನಿಂದ ಚೆನ್ನಾಗಿತ್ತೋ? ಹೊಲದ ಒಂದು ತುದಿ ತಗ್ಗಾಗಿರುತ್ತದೆ, ನೀರು ಅಲ್ಲಿ ನಿಲ್ಲುತ್ತದೆ. ಇನ್ನೊಂದು ತುದಿಗೆ ಮರದ ನೆರಳು ಬೀಳುತ್ತದೆ. ಪ್ರಯೋಗ ಮಾಡುವವರು ಎಷ್ಟೇ ಪ್ರಾಮಾಣಿಕರಾದರೂ ಯಾವ ತಾಕಿಗೆ ಯಾವುದು ಎಂದು ಕೈಯಾರೆ ಆರಿಸಿದರೆ ಮನಸ್ಸಿನ ಒಲವು ಆ ಆಯ್ಕೆಯೊಳಗೆ ನುಸುಳುತ್ತದೆ. ಫಿಶರ್ ಹೇಳಿದ ಉಪಾಯ ಚೀಟಿ ಎತ್ತುವುದು. ಒಂದೇ ಬಗೆಯ ಮಣ್ಣಿರುವ ಪಟ್ಟಿಗಳಾಗಿ ಹೊಲವನ್ನು ವಿಂಗಡಿಸಿ, ಪ್ರತಿ ಪಟ್ಟಿಯೊಳಗೆ ಯಾವ ತಾಕಿಗೆ ಏನು ಎಂಬುದನ್ನು ಚೀಟಿಗೆ ಬಿಡಬೇಕು, ಅದನ್ನೇ ಹಲವು ಪಟ್ಟಿಗಳಲ್ಲಿ ಮತ್ತೆ ಮತ್ತೆ ಮಾಡಬೇಕು. ಆಗ ಉಳಿಯುವ ವ್ಯತ್ಯಾಸ ಬರಿಯ ಆಕಸ್ಮಿಕವಾಗಿರುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಬಹುದು. 1925 ಮತ್ತು 1935ರಲ್ಲಿ ಬಂದ ಅವರ ಎರಡು ಪುಸ್ತಕಗಳ ಮೂಲಕ ಈ ವಿಚಾರ ಔಷಧ ಪರೀಕ್ಷೆಗೂ ಅರ್ಥಶಾಸ್ತ್ರಕ್ಕೂ ರಾಜ್ಯಶಾಸ್ತ್ರಕ್ಕೂ ಹಬ್ಬಿತು.

ಹೀಗೆ ಎಲ್ಲರಿಗೂ ಪಾಠ ಹೇಳಿದ ಸಸ್ಯಲೋಕದಲ್ಲೇ ಆ ಪಾಠ ಮರೆತುಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ. ತೋಟಗಾರಿಕೆಯ ಪ್ರಬಂಧವೊಂದನ್ನು ಕೈಗೆತ್ತಿಕೊಂಡರೆ ನಾನು ಮೊದಲು ನೋಡುವುದು ಒಂದೇ ವಿಷಯವನ್ನು: ಪ್ರಯೋಗವನ್ನು ನಿಜವಾಗಿ ಎಷ್ಟು ಸಲ ಮಾಡಿದ್ದಾರೆ? ಎರಡು ಹಸಿರುಮನೆಗಳಿವೆ ಎನ್ನಿ. ಒಂದರಲ್ಲಿ ಉಷ್ಣತೆಯನ್ನು ಎರಡು ಡಿಗ್ರಿ ಏರಿಸಿದ್ದಾರೆ, ಇನ್ನೊಂದರಲ್ಲಿ ಇಲ್ಲ. ಒಂದೊಂದರಲ್ಲೂ ಇಪ್ಪತ್ತು ಗಿಡಗಳಿವೆ. ಇಪ್ಪತ್ತು ಸಲ ಪರೀಕ್ಷೆಯಾಯಿತು ಎಂದು ಬರೆದರೆ ಅದು ಸುಳ್ಳು ಲೆಕ್ಕ. ಉಷ್ಣತೆಯನ್ನು ಕೊಟ್ಟದ್ದು ಮನೆಗೆ, ಗಿಡಕ್ಕಲ್ಲ. ಆದ್ದರಿಂದ ಪರೀಕ್ಷೆ ನಡೆದದ್ದು ಒಂದೇ ಸಲ. ಆ ಮನೆಯ ಗಾಜು ಸ್ವಲ್ಪ ಮಬ್ಬಾಗಿದ್ದರೆ, ನೀರಿನ ನಳಿಕೆಯೊಂದು ಕಟ್ಟಿಕೊಂಡಿದ್ದರೆ, ಇಪ್ಪತ್ತು ಗಿಡಗಳೂ ಒಟ್ಟಿಗೆ ಅದೇ ಕಥೆ ಹೇಳುತ್ತವೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಇದಕ್ಕೆ ಹುಸಿ ಪುನರಾವರ್ತನೆ ಎಂಬರ್ಥದ ಹೆಸರಿಟ್ಟು ಎಚ್ಚರಿಸಿದ್ದರು. ಎಚ್ಚರಿಕೆ ಹಳೆಯದಾಯಿತು, ತಪ್ಪು ಹಳೆಯದಾಗಲಿಲ್ಲ.

ಹಣ್ಣಿನ ಗಿಡಗಳಲ್ಲಿ ಇನ್ನೊಂದು ಕಷ್ಟವಿದೆ. ಸೇಬಿನ ಹಲವು ತಳಿಗಳು ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಸೊರಗುತ್ತವೆ. ಎರಡು ವರ್ಷದ ಫಸಲು ನೋಡಿ ಹೇಳಿದ ಮಾತು ನಾಲ್ಕನೆಯ ವರ್ಷಕ್ಕೆ ತಲೆಕೆಳಗಾಗಬಹುದು. ಹನಿಕ್ರಿಸ್ಪ್ ಎಂಬ ಸೇಬಿನ ತಳಿಗೆ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯ ಸಂಕರಣ ಮಾಡಿದ್ದು 1960ರಲ್ಲಿ, ಬಿಡುಗಡೆ ಮಾಡಿದ್ದು 1991ರಲ್ಲಿ. ಸಂಶೋಧನಾ ಅನುದಾನ ಸಾಮಾನ್ಯವಾಗಿ ಮೂರು ವರ್ಷಕ್ಕೋ ಐದು ವರ್ಷಕ್ಕೋ ಸಿಗುತ್ತದೆ. ಮರದ ಆಯುಷ್ಯಕ್ಕೂ ಅನುದಾನದ ಆಯುಷ್ಯಕ್ಕೂ ಹೊಂದಿಕೆಯೇ ಇಲ್ಲ. ಹೀಗಾಗಿ ಪ್ರಕಟವಾಗುವುದು ಬೇಗ ಮುಗಿಯುವ ಪ್ರಯೋಗ: ಮೊಳಕೆ, ಸಸಿ, ಕುಂಡದ ಗಿಡ. ಬೆಳೆಗಾರರಿಗೆ ಬೇಕಾದದ್ದು ಹದಿನೈದನೆಯ ವರ್ಷದಲ್ಲಿ ಬೇರುಸಸಿ, ಅಂದರೆ ಬೇಕಾದ ತಳಿಯನ್ನು ಕಸಿ ಕಟ್ಟುವ ಬುಡದ ಗಿಡ, ಹೇಗಿರುತ್ತದೆ ಎಂಬ ಮಾಹಿತಿ. ಉತ್ತರ ಅಮೆರಿಕದ ಎನ್‌ಸಿ–140 ಎಂಬ ಜಂಟಿ ಯೋಜನೆಯಲ್ಲಿ ಒಂದೇ ಬಗೆಯ ಬೇರುಸಸಿಗಳನ್ನು ಹಲವು ರಾಜ್ಯಗಳಲ್ಲಿ ನೆಟ್ಟು ವರ್ಷಗಟ್ಟಲೆ ಅಳೆಯುತ್ತಾರೆ. ಸುದ್ದಿಯಾಗದ, ತಾಳ್ಮೆಯ ಕೆಲಸ ಅದು. ಅಂಥ ಯೋಜನೆಗಳು ಬೆರಳೆಣಿಕೆಯಷ್ಟೇ ಇವೆ.

ಫಿಶರ್ ಅವರ ಚೀಟಿ ಮತಗಟ್ಟೆಗೂ ಹೋಯಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರ ಪ್ರಾಥಮಿಕ ಚುನಾವಣೆಗೆ ಮುನ್ನ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಮತ್ತು ಕ್ರಿಸ್ಟೊಫರ್ ಲಾರಿಮರ್ ಸುಮಾರು 1,80,000 ಮನೆಗಳನ್ನು ಚೀಟಿ ಎತ್ತಿದಂತೆಯೇ ವಿಂಗಡಿಸಿದರು. ಒಂದು ಗುಂಪಿಗೆ ಹೋದ ಪತ್ರದಲ್ಲಿ ಆ ಮನೆಯವರು ಮತ್ತು ನೆರೆಹೊರೆಯವರು ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದರೋ ಇಲ್ಲವೋ ಎಂಬ ವಿವರವಿತ್ತು. ಪತ್ರವೇ ಹೋಗದ ಗುಂಪಿನಲ್ಲಿ ಶೇ 29.7 ಮಂದಿ ಮತ ಹಾಕಿದರೆ ಈ ಗುಂಪಿನಲ್ಲಿ ಶೇ 37.8 ಮಂದಿ ಹಾಕಿದರು. ಮಣ್ಣಿನ ತಾಕಿನಷ್ಟೇ ಶುದ್ಧವಾದ ಪ್ರಯೋಗ.

ಆದರೆ ಮನುಷ್ಯರ ಕುರಿತ ದತ್ತಾಂಶವನ್ನು ಕಟ್ಟಿ ಹೇಳುವುದೂ ಸುಲಭ. ಮನೆಬಾಗಿಲಿಗೆ ಬಂದ ಸಲಿಂಗಕಾಮಿ ಕಾರ್ಯಕರ್ತರೊಬ್ಬರು ಇಪ್ಪತ್ತು ನಿಮಿಷ ಮಾತನಾಡಿದರೆ ಸಲಿಂಗ ವಿವಾಹದ ಬಗ್ಗೆ ಜನರ ನಿಲುವು ತಿಂಗಳುಗಟ್ಟಲೆ ಬದಲಾಗಿ ಉಳಿಯುತ್ತದೆ ಎಂಬ ಅಧ್ಯಯನ 2014ರಲ್ಲಿ ಪ್ರತಿಷ್ಠಿತ ನಿಯತಕಾಲಿಕವೊಂದರಲ್ಲಿ ಬಂದು ಸಂಚಲನ ಮೂಡಿಸಿತು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಕಿರಿಯ ಸಂಶೋಧಕರು ಅದನ್ನು ಮೆಚ್ಚಿಕೊಂಡೇ ಮುಂದುವರಿಸಲು ಹೊರಟಿದ್ದರು. ತಮ್ಮ ಸಮೀಕ್ಷೆಗೆ ಅಷ್ಟು ಜನ ಉತ್ತರಿಸುತ್ತಲೇ ಇಲ್ಲವಲ್ಲ ಎಂದು ಗೊಂದಲಕ್ಕೆ ಬಿದ್ದು ಸಮೀಕ್ಷೆ ನಡೆಸಿದ್ದೆಂದು ಹೇಳಲಾದ ಸಂಸ್ಥೆಯನ್ನೇ ವಿಚಾರಿಸಿದರು. ಅಂಥ ಕೆಲಸವೇ ತಮಗೆ ಗೊತ್ತಿಲ್ಲ ಎಂಬ ಉತ್ತರ ಬಂತು. 2015ರ ಮೇ ತಿಂಗಳಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು. ಇದಾದ ಮೇಲೆ ಅವರಿಬ್ಬರೂ ಕೈಕಟ್ಟಿ ಕೂರಲಿಲ್ಲ. ತೃತೀಯ ಲಿಂಗಿಗಳ ಬಗೆಗಿನ ಪೂರ್ವಗ್ರಹವನ್ನು ವಿಷಯವಾಗಿಟ್ಟುಕೊಂಡು ಮಯಾಮಿಯಲ್ಲಿ ನಿಜವಾದ ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದರು. ಸುಮಾರು ಹತ್ತು ನಿಮಿಷದ ಮಾತುಕತೆಯ ಪರಿಣಾಮ ಮೂರು ತಿಂಗಳವರೆಗೂ ಉಳಿದಿತ್ತು. ತಾಳೆ ನೋಡುವುದೆಂದರೆ ಬರಿಯ ಕೆಡವುವ ಕೆಲಸ ಎಂದುಕೊಂಡವರಿಗೆ ನಾನು ತೋರಿಸುವ ಉದಾಹರಣೆ ಇದು.

ಯಾರೂ ಮೋಸ ಮಾಡದಿದ್ದರೂ ಉತ್ತರಗಳು ಬೇರೆಬೇರೆಯಾಗಬಹುದು ಎಂಬುದು ಇನ್ನೂ ಆಳದ ಸಂಗತಿ. 2022ರಲ್ಲಿ ಪ್ರಕಟವಾದ ಒಂದು ಪ್ರಯತ್ನದಲ್ಲಿ 73 ಸಂಶೋಧನಾ ತಂಡಗಳಿಗೆ ಒಂದೇ ದತ್ತಾಂಶ, ಒಂದೇ ಪ್ರಶ್ನೆ ಕೊಟ್ಟರು: ವಲಸೆ ಹೆಚ್ಚಾದರೆ ಸಾಮಾಜಿಕ ಕಲ್ಯಾಣ ಯೋಜನೆಗಳಿಗೆ ಜನರ ಬೆಂಬಲ ಕುಗ್ಗುತ್ತದೆಯೇ? ಕೆಲವರ ಉತ್ತರ ಕುಗ್ಗುತ್ತದೆ ಎಂದು, ಕೆಲವರದು ಹೆಚ್ಚುತ್ತದೆ ಎಂದು, ಬಹಳಷ್ಟು ಜನರದು ಖಚಿತವಾಗಿ ಏನೂ ಹೇಳಲಾಗದು ಎಂದು. ಯಾವ ವರ್ಷಗಳನ್ನು ಸೇರಿಸಬೇಕು, ಯಾವ ದೇಶವನ್ನು ಬಿಡಬೇಕು, ವಲಸೆಯನ್ನು ಹೇಗೆ ಅಳೆಯಬೇಕು ಎಂಬ ನೂರು ಸಣ್ಣ ನಿರ್ಧಾರಗಳಲ್ಲಿ ಒಂದೊಂದೂ ಸಮರ್ಥನೀಯವೇ. ಅವು ಕೂಡಿ ಉತ್ತರವನ್ನು ಎಲ್ಲಿಗೋ ಒಯ್ಯುತ್ತವೆ. ಹಾಗಾದರೆ ಒಂದೇ ತಂಡ ಬರೆದ ಒಂದೇ ಪ್ರಬಂಧವನ್ನು ಹಿಡಿದು ಕಾನೂನು ಮಾಡಲು ಹೊರಡುವುದು ಎಂಥ ದುಡುಕು!

ಭೌತವಿಜ್ಞಾನದವರು ಈ ವಿಷಯದಲ್ಲಿ ತಮ್ಮನ್ನೇ ಕಟ್ಟಿಹಾಕಿಕೊಳ್ಳುವ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಗುರುತ್ವದ ಅಲೆಗಳನ್ನು ಹುಡುಕುವ ಲೈಗೋ ಕೇಂದ್ರಗಳಲ್ಲಿ 2010ರ ಸೆಪ್ಟೆಂಬರಿನಲ್ಲಿ ಒಂದು ಸಂಕೇತ ಕಾಣಿಸಿತು. ನೂರಾರು ವಿಜ್ಞಾನಿಗಳು ತಿಂಗಳುಗಟ್ಟಲೆ ಅದನ್ನು ಜರಡಿ ಹಿಡಿದರು, ಪ್ರಬಂಧ ಬರೆದು ಸಿದ್ಧಪಡಿಸಿದರು. ಗೊತ್ತುಪಡಿಸಿದ ಕೆಲವೇ ಜನರಿಗೆ ಉಪಕರಣದೊಳಗೆ ಗುಟ್ಟಾಗಿ ಸುಳ್ಳು ಸಂಕೇತ ಸೇರಿಸುವ ಅಧಿಕಾರವಿತ್ತು ಎಂಬುದು ಎಲ್ಲರಿಗೂ ತಿಳಿದಿತ್ತು; ಈ ಸಂಕೇತ ಅಂಥದ್ದೇ ಎಂಬುದು ತಿಳಿದಿರಲಿಲ್ಲ. 2011ರ ಮಾರ್ಚ್‌ನಲ್ಲಿ ಎಲ್ಲರ ಮುಂದೆ ಲಕೋಟೆ ಒಡೆದರು. ಸಂಕೇತ ಕೃತಕವಾಗಿತ್ತು. ಅಷ್ಟು ದಿನದ ಶ್ರಮ ವ್ಯರ್ಥವಾಯಿತೇ? ಇಲ್ಲ. 2015ರ ಸೆಪ್ಟೆಂಬರ್ 14ರಂದು ನಿಜವಾದ ಅಲೆ ಬಂದಾಗ ಅವರು ಮೊದಲು ಕೇಳಿದ ಪ್ರಶ್ನೆಯೇ ‘ಇದನ್ನೂ ಯಾರಾದರೂ ಸೇರಿಸಿದ್ದೀರಾ?’ ಎಂದು. ಇಲ್ಲ ಎಂಬುದು ಖಚಿತವಾದ ಮೇಲೆಯೂ ತಿಂಗಳುಗಟ್ಟಲೆ ಸೋಸಿಯೇ ಜಗತ್ತಿಗೆ ತಿಳಿಸಿದರು.

ಕಣಭೌತವಿಜ್ಞಾನದಲ್ಲಿ ಹಿಗ್ಸ್ ಕಣವನ್ನು ಹುಡುಕಲು ಎರಡು ಪ್ರತ್ಯೇಕ ಶೋಧಕಗಳನ್ನು ಕಟ್ಟಿದರು, ಒಂದು ಇನ್ನೊಂದಕ್ಕೆ ಸಾಕ್ಷಿಯಾಗಲಿ ಎಂದು. ಬರಿಯ ಆಕಸ್ಮಿಕವಾಗಿ ಅಂಥ ಸಂಕೇತ ಮೂಡುವ ಸಾಧ್ಯತೆ 35 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಅಲ್ಲಿ ಶೋಧ ಎಂಬ ಪದ ಬಳಸುತ್ತಾರೆ. ಸಮಾಜವಿಜ್ಞಾನಗಳಲ್ಲಿ ಇಪ್ಪತ್ತರಲ್ಲಿ ಒಂದು ಎಂಬುದೇ ರೂಢಿ. ಆದರೂ 2011ರಲ್ಲಿ ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ, ಸುಮಾರು 730 ಕಿಲೊಮೀಟರ್ ದೂರ, ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದವು ಎಂಬ ಅಳತೆ ಬಂದಾಗ ಅಂಕಿಅಂಶದ ಈ ಬೇಲಿ ತಡೆಯಲಿಲ್ಲ. ಆ ತಪ್ಪು ಅಳತೆಗೆ ಕಾರಣ ಸಡಿಲವಾಗಿದ್ದ ಒಂದು ಆಪ್ಟಿಕಲ್ ಫೈಬರ್ ಜೋಡಣೆ. ಎಷ್ಟು ಸಲ ಅಳೆದರೂ ಅಷ್ಟೇ ತಪ್ಪು ಬರುತ್ತಿದ್ದುದರಿಂದ ಹೆಚ್ಚು ಅಳತೆಗಳು ಹೆಚ್ಚು ನಂಬಿಕೆಯನ್ನಷ್ಟೇ ಕೊಟ್ಟವು. ಆ ತಂಡದವರು ‘ನಮಗೆ ಕಾರಣ ಸಿಗುತ್ತಿಲ್ಲ, ದಯವಿಟ್ಟು ನೀವೂ ಪರೀಕ್ಷಿಸಿ’ ಎಂಬ ಧಾಟಿಯಲ್ಲೇ ಅದನ್ನು ಜಗತ್ತಿನ ಮುಂದಿಟ್ಟಿದ್ದರು. ಆ ನಡೆಗೆ ನನ್ನ ಗೌರವವಿದೆ.

ಸಣ್ಣ ಪ್ರಯೋಗಾಲಯಗಳ ಭೌತವಿಜ್ಞಾನದಲ್ಲಿ ಇಂಥ ಕಾವಲು ಅಷ್ಟು ಬಿಗಿಯಾಗಿಲ್ಲ. ಸಾಮಾನ್ಯ ಉಷ್ಣತೆಯಲ್ಲೇ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ವಸ್ತು ಸಿಕ್ಕಿತೆಂದು 2020ರಲ್ಲಿ ಬಂದ ಪ್ರಬಂಧವನ್ನು 2022ರಲ್ಲಿ ಹಿಂಪಡೆಯಲಾಯಿತು. ಅದೇ ಗುಂಪಿನ ಮತ್ತೊಂದು ಪ್ರಬಂಧ 2023ರ ಮಾರ್ಚ್‌ನಲ್ಲಿ ಬಂದು ನವೆಂಬರ್‌ನಲ್ಲಿ ಹೋಯಿತು. ಅದೇ ವರ್ಷದ ಜುಲೈಯಲ್ಲಿ ಕೊರಿಯಾದಿಂದ ಎಲ್‌ಕೆ–99 ಎಂಬ ಅಂಥದ್ದೇ ವಸ್ತುವಿನ ಸುದ್ದಿ ಬಂದಾಗ ಮಾತ್ರ ಬೇರೆಯದೇ ನಡೆಯಿತು. ತಯಾರಿಸುವ ವಿಧಾನ ಬಹಿರಂಗವಾಗಿತ್ತು, ಬೇಕಾದ ಸಾಮಗ್ರಿ ಸಾಮಾನ್ಯದ್ದು. ಕೆಲವೇ ವಾರಗಳಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಅದನ್ನು ಮಾಡಿ ನೋಡಿ, ಆ ಚಮತ್ಕಾರ ಬೆರಕೆಯಾಗಿದ್ದ ತಾಮ್ರದ ಸಲ್ಫೈಡಿನದೆಂದು ತೋರಿಸಿದವು. ಒಂದು ಕಡೆ ಎರಡು ವರ್ಷ, ಇನ್ನೊಂದು ಕಡೆ ಕೆಲವು ವಾರ. ಮಾಡಿನೋಡುವ ದಾರಿ ತೆರೆದಿತ್ತೋ ಇಲ್ಲವೋ ಎಂಬುದರಲ್ಲೇ ಬಹುಪಾಲು ವ್ಯತ್ಯಾಸವಿತ್ತು.

ಎಂಜಿನಿಯರಿಂಗ್‌ನಲ್ಲಿ ಕೊನೆಯ ಪರೀಕ್ಷೆ ಬಳಕೆಯಲ್ಲೇ ಆಗುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲಿನ ಮಿಲೆನಿಯಂ ಕಾಲುಸೇತುವೆ 2000ದ ಜೂನ್ 10ರಂದು ತೆರೆಯಿತು. ಜನ ತುಂಬಿದಾಗ ಅದು ಅಕ್ಕಪಕ್ಕಕ್ಕೆ ತೂಗತೊಡಗಿತು. ಸೇತುವೆ ತೂಗಿದಂತೆ ಜನರು ಬೀಳದಿರಲು ಕಾಲು ಅಗಲಿಸಿ ಅದರ ಲಯಕ್ಕೇ ಹೆಜ್ಜೆ ಹಾಕಿದರು, ಆ ಹೆಜ್ಜೆಗಳು ತೂಗಾಟವನ್ನು ಇನ್ನೂ ಹೆಚ್ಚಿಸಿದವು. ಎರಡೇ ದಿನಕ್ಕೆ ಮುಚ್ಚಿದ ಸೇತುವೆ ಕಂಪನ ಹೀರುವ ಸುಮಾರು 90 ಸಾಧನಗಳನ್ನು ಜೋಡಿಸಿದ ಬಳಿಕ 2002ರಲ್ಲಿ ಮತ್ತೆ ತೆರೆಯಿತು. ಇದೇ ಬಗೆಯ ತೂಗಾಟವನ್ನು ಜಪಾನಿನ ಯೊಜೊ ಫುಜಿನೊ ಮತ್ತು ಸಂಗಡಿಗರು 1993ರಲ್ಲೇ ಅಳೆದು ಬರೆದಿದ್ದರು, ಭೂಕಂಪ ಎಂಜಿನಿಯರಿಂಗ್‌ನ ನಿಯತಕಾಲಿಕದಲ್ಲಿ. ಕಾಲುಸೇತುವೆ ಕಟ್ಟುವವರ ಗಮನವೆಲ್ಲ ಮೇಲೆಕೆಳಗಿನ ಕಂಪನದ ಮೇಲಿತ್ತು. ತಿಳಿವಳಿಕೆ ಇತ್ತು, ಅದು ಪಕ್ಕದ ಕೋಣೆಯಲ್ಲಿತ್ತು. ವಿನ್ಯಾಸಕಾರರು ತಾವು ಕಂಡುಕೊಂಡ ಕಾರಣವನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಮುಂದಿನ ಸೇತುವೆಗಳು ಉಳಿದವು.

ಇದಕ್ಕೆ ಹೋಲಿಸಿದರೆ ಪೆರೊವ್‌ಸ್ಕೈಟ್ ಎಂಬ ಹರಳು ವಸ್ತುವಿನ ಸೌರಕೋಶದವರು ಬೇಗ ಎಚ್ಚೆತ್ತರು. 2009ರಲ್ಲಿ ಶೇ 3.8ರಷ್ಟಿದ್ದ ಅದರ ದಕ್ಷತೆ ಈಗ ಶೇ 26ನ್ನು ದಾಟಿದೆ. ಆರಂಭದ ವರ್ಷಗಳಲ್ಲಿ ವೋಲ್ಟೇಜನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಅಳೆದರೆ ಒಂದು ಅಂಕಿ, ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಅಳೆದರೆ ಇನ್ನೊಂದು ಅಂಕಿ ಬರುತ್ತಿತ್ತು. ಚೆನ್ನಾಗಿರುವ ಅಂಕಿಯನ್ನೇ ಬರೆಯುವ ಆಸೆ ಯಾರಿಗಿಲ್ಲ? ಕೋಶದ ವಿಸ್ತೀರ್ಣವೆಷ್ಟು, ಯಾವ ದಿಕ್ಕಿನಲ್ಲಿ ಅಳೆದಿರಿ, ಎಷ್ಟು ಕೋಶಗಳನ್ನು ಮಾಡಿದಿರಿ ಎಂಬ ಪಟ್ಟಿಯನ್ನು ತುಂಬಿಯೇ ಪ್ರಬಂಧ ಕೊಡಬೇಕೆಂದು ಕೆಲವು ನಿಯತಕಾಲಿಕಗಳು ಕಡ್ಡಾಯ ಮಾಡಿದವು. ದಾಖಲೆಯ ಅಂಕಿಗಳನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಅಳೆಸುವ ರೂಢಿ ಬಂತು. ಛಾವಣಿಯ ಮೇಲೆ ಇಪ್ಪತ್ತೈದು ವರ್ಷ ಬಾಳಬೇಕಾದ ವಸ್ತುವಿಗೆ ಇಷ್ಟಾದರೂ ಬೇಕು.

ಇಷ್ಟು ಬೇರೆಬೇರೆಯಾದ ಶಾಸ್ತ್ರಗಳನ್ನು ಇವತ್ತು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ: ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ. ಹಿಗ್ಸ್ ಕಣದ ದ್ರವ್ಯರಾಶಿಯ ಕುರಿತು 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು. ಅರ್ಥಶಾಸ್ತ್ರದ ಒಳ್ಳೆಯ ಪ್ರಬಂಧಕ್ಕೆ ಇಬ್ಬರೋ ಮೂವರೋ, ಪ್ರಕಟವಾಗಲು ವರ್ಷಗಳು. ಬೇರುಸಸಿಯ ಅಧ್ಯಯನಕ್ಕೆ ಒಂದು ದಶಕ. ಸಂಶೋಧಕರ ಸಾಧನೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಎಚ್–ಇಂಡೆಕ್ಸನ್ನು 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ರೂಪಿಸಿದರು, ತಮ್ಮ ಶಾಸ್ತ್ರವನ್ನು ಕಣ್ಣಮುಂದೆ ಇಟ್ಟುಕೊಂಡು. ಅದು ಎಲ್ಲರ ನೇಮಕಾತಿಗೂ ಬಡ್ತಿಗೂ ಅಳತೆಗೋಲಾಯಿತು. ಅಳತೆ ಹಾಗಾದ ಮೇಲೆ ಅದಕ್ಕೆ ತಕ್ಕ ಮಾರುಕಟ್ಟೆಯೂ ಹುಟ್ಟಿತು. ಹಣ ಕೊಟ್ಟರೆ ಪ್ರಬಂಧ ಸಿದ್ಧಪಡಿಸಿ ಹೆಸರು ಸೇರಿಸಿಕೊಡುವವರಿದ್ದಾರೆ. ನಕಲು ಹಿಡಿಯುವ ತಂತ್ರಾಂಶಕ್ಕೆ ಸಿಗದಿರಲೆಂದು ಪದಗಳನ್ನು ಯಂತ್ರದಿಂದ ಬದಲಿಸುತ್ತಾರೆ. ‘ಕೃತಕ ಬುದ್ಧಿಮತ್ತೆ’ ಎಂಬುದು ‘ನಕಲಿ ಪ್ರಜ್ಞೆ’ ಎಂಬರ್ಥದ ಪದವಾಗಿ ಪ್ರಬಂಧಗಳಲ್ಲಿ ಕಾಣಿಸಿಕೊಂಡದ್ದನ್ನು ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಬಯಲಿಗೆಳೆದರು. 2023ರಲ್ಲಿ ಜಗತ್ತಿನಾದ್ಯಂತ ಹಿಂಪಡೆದ ಪ್ರಬಂಧಗಳು 10,000 ದಾಟಿದವು. ಅದರಲ್ಲಿ 8,000ಕ್ಕೂ ಹೆಚ್ಚು ಒಂದೇ ಪ್ರಕಾಶನ ಸಂಸ್ಥೆಯವು. ಇವನ್ನು ಪತ್ತೆಹಚ್ಚಿದವರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದೆ ರಾತ್ರಿ ಕೂತು ಚಿತ್ರಗಳನ್ನೂ ವಾಕ್ಯಗಳನ್ನೂ ಹೋಲಿಸಿ ನೋಡಿದ ಸ್ವಯಂಪ್ರೇರಿತರು.

ಕೂಲಿ ಕೊಡುವ ಪ್ರಯತ್ನಗಳು ಶುರುವಾಗಿವೆ, ಆದರೆ ಸಣ್ಣವು. ನೆದರ್ಲೆಂಡ್ಸ್‌ನ ಸಂಶೋಧನಾ ಮಂಡಳಿ 2016ರಲ್ಲಿ ಹಳೆಯ ಅಧ್ಯಯನಗಳನ್ನು ಮರುಪರೀಕ್ಷಿಸಲೆಂದೇ 30 ಲಕ್ಷ ಯೂರೊ ತೆಗೆದಿಟ್ಟಿತು. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ದತ್ತಾಂಶ ಸಂಪಾದಕರನ್ನು ನೇಮಿಸಿಕೊಂಡಿದೆ. ಲೇಖಕರು ಕೊಟ್ಟ ಲೆಕ್ಕ ಮತ್ತೆ ಮಾಡಿದರೆ ಅದೇ ಉತ್ತರ ಬರುತ್ತದೆಯೇ ಎಂದು ಈಗ ಪ್ರಕಟಣೆಗೆ ಮೊದಲೇ ನೋಡುತ್ತಾರೆ. ಹರ್ನ್‌ಡನ್ ಮಾಡಿದ ಮನೆಪಾಠವೇ ಅಲ್ಲಿ ಕಚೇರಿಯ ಕೆಲಸವಾಗಿದೆ. ಕೆಲವು ನಿಯತಕಾಲಿಕಗಳು ಪ್ರಯೋಗ ಶುರುವಾಗುವ ಮೊದಲೇ ಪ್ರಶ್ನೆಯನ್ನೂ ವಿಧಾನವನ್ನೂ ನೋಡಿ ಒಪ್ಪಿಗೆ ಕೊಡುತ್ತವೆ, ಉತ್ತರ ಏನೇ ಬಂದರೂ ಮುದ್ರಿಸುತ್ತವೆ. ಈ ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಡುತ್ತದೆ, ಏಕೆಂದರೆ ಚೆಂದದ ಉತ್ತರಕ್ಕಾಗಿ ಅಂಕಿಗಳನ್ನು ಒತ್ತಾಯಿಸುವ ಆಸೆಗೆ ಅಲ್ಲಿ ಕಾರಣವೇ ಉಳಿಯುವುದಿಲ್ಲ. ಒಂದು ಸಂಶೋಧನೆಗೆ ಕೊಡುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಅದನ್ನು ಬೇರೆಯವರು ಪರೀಕ್ಷಿಸಲು ಮೊದಲೇ ಮೀಸಲಿಡಬೇಕು, ತೋಟಗಾರಿಕೆಯಂಥಲ್ಲಿ ಹತ್ತು ವರ್ಷದ ಅನುದಾನವಿರಬೇಕು, ತಾಳೆ ನೋಡಿದ ಕೆಲಸವನ್ನು ಬಡ್ತಿಯಲ್ಲಿ ಎಣಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಇದರ ಜೊತೆಗೆ ಇನ್ನೊಂದು ಕೆಲಸವಿದೆ, ಬಹಳ ಸರಳವಾದದ್ದು: ಮೂಲ ವಸ್ತುವನ್ನು ಎಸೆಯದೆ ಇಡುವುದು.

ರಾಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲದಲ್ಲಿ 1843ರಿಂದ ಗೋಧಿಯ ಪ್ರಯೋಗ ನಡೆಯುತ್ತಲೇ ಇದೆ. ಅಲ್ಲಿನ ಮಣ್ಣು, ಹುಲ್ಲು, ಕಾಳುಗಳ ಮಾದರಿಗಳನ್ನು ಕಾಪಿಟ್ಟಿರುವ ಸಂಗ್ರಹದಲ್ಲಿ ಇಂದು ಸುಮಾರು ಮೂರು ಲಕ್ಷ ಮಾದರಿಗಳಿವೆ. ಅವನ್ನು ತುಂಬಿಟ್ಟ ಮೊದಲ ತಲೆಮಾರಿನವರಿಗೆ ಡಿಎನ್‌ಎ ಎಂಬ ಪದವೇ ಗೊತ್ತಿರಲಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸಂಶೋಧಕರು ಆ ಹಳೆಯ ಮಾದರಿಗಳನ್ನು ತೆರೆದು, ಗೋಧಿಗೆ ತಗಲುವ ಎರಡು ಶಿಲೀಂಧ್ರಗಳ ಡಿಎನ್‌ಎಯನ್ನು ಒಂದೂವರೆ ಶತಮಾನದ ಉದ್ದಕ್ಕೂ ಅಳೆದರು. ಯಾವ ಶಿಲೀಂಧ್ರ ಯಾವಾಗ ಮೇಲುಗೈ ಪಡೆಯಿತು ಎಂಬ ರೇಖೆ ಗಾಳಿಯಲ್ಲಿ ಗಂಧಕದ ಹೊಗೆ ಏರಿ ಇಳಿದ ರೇಖೆಯನ್ನು ಹಿಂಬಾಲಿಸಿತ್ತು.